ಐರಿಷರ ಯುದ್ಧಚರಿತ್ರೆಯನ್ನು ಅರ್ಧಕ್ಕೇ ನಿಲ್ಲಿಸಬಾರದು

ಸಂಪಾದಕರಿಗೆ,

ಮಾನ್ಯರೇ,

ಕನ್ನಡ ಪತ್ರಿಕೆಗಳಲ್ಲಿ ಐರ್ಲೆಂಡಿನ ಹೆಸರು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಸ್ವಾತಂತ್ರ್ಯ ಹೋರಾಟದ ಪ್ರಸ್ತಾಪ ಬಂದಾಗ. ಬ್ರಿಟಿಷರ ವಿರುದ್ಧ ಡಬ್ಲಿನ್ನಿನಲ್ಲಿ ಎದ್ದ 1916ರ ಈಸ್ಟರ್ ದಂಗೆ, ಗುಂಡಿಗೆ ಎದೆಯೊಡ್ಡಿದ ಪ್ಯಾಟ್ರಿಕ್ ಪಿಯರ್ಸ್ ಮತ್ತು ಜೇಮ್ಸ್ ಕಾನಲಿ, ಮುಂದೆ ದೇಶದ ಚುಕ್ಕಾಣಿ ಹಿಡಿದ ಏಮನ್ ಡಿ ವಲೇರಾ, ಇವರ ಕಥೆಯನ್ನು ನಮ್ಮ ಹಿರಿಯರು ತಮ್ಮದೇ ಕಥೆಯೆಂಬಂತೆ ಓದಿದರು. ಒಂದೇ ಸಾಮ್ರಾಜ್ಯದ ನೊಗ ಹೊತ್ತಿದ್ದ ಎರಡು ದೇಶಗಳ ನಡುವೆ ಅಂಥ ಆಪ್ತತೆ ಹುಟ್ಟಿದ್ದು ಸಹಜ. ಆದರೆ ಈ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ನುಸುಳಿ ಬರುವುದನ್ನು ಗಮನಿಸಿದ್ದೇನೆ: ದೇಶಭಕ್ತರಾದ ಐರಿಷರು ಬ್ರಿಟಿಷರ ವಿರುದ್ಧ ಬಂದೂಕು ಹಿಡಿದರು, ಉಳಿದವರು ಸಂಬಳದ ಆಸೆಗೆ ಬ್ರಿಟಿಷರ ಸೈನ್ಯ ಸೇರಿದರು ಎಂಬುದು ಆ ಮಾತು. ಶಾಲೆಯಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನು ಇದನ್ನು ಓದಿದಾಗಲೆಲ್ಲ ಸುಮ್ಮನಿರುವುದು ಕಷ್ಟವಾಗುತ್ತದೆ. ಇಡೀ ಒಂದು ಪೀಳಿಗೆಯ ಗಂಡಸರು ಮತ್ತು ಹೆಂಗಸರು ಪಟ್ಟ ಪಾಡನ್ನು ಈ ಒಂದು ವಾಕ್ಯ ಅಳಿಸಿಹಾಕುತ್ತದೆ. ಆದ್ದರಿಂದ ತುಸು ದೀರ್ಘವಾದರೂ ಈ ಪತ್ರವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಸುಮಾರು 2 ಲಕ್ಷ ಐರಿಷರು ಬ್ರಿಟಿಷ್ ಸೇನೆಯಲ್ಲಿ ದುಡಿದರು. ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು ಸಾಮಾನ್ಯವಾಗಿ 35,000ದ ಆಸುಪಾಸಿನಲ್ಲಿ ಇಡುತ್ತಾರೆ; ಐರ್ಲೆಂಡಿನ ಯುದ್ಧಸ್ಮಾರಕದ ದಾಖಲೆ ಸಂಪುಟಗಳಲ್ಲಿ 49,000ಕ್ಕೂ ಹೆಚ್ಚು ಹೆಸರುಗಳಿವೆಯಾದರೂ ಐರಿಷ್ ದಳಗಳಲ್ಲಿದ್ದ ಇತರ ನಾಡಿನವರೂ ಅದರಲ್ಲಿ ಸೇರಿದ್ದಾರೆ. ಇದಕ್ಕೆ ಎದುರಾಗಿ ಈಸ್ಟರ್ ದಂಗೆಯಲ್ಲಿ ಡಬ್ಲಿನ್ನಿನ ಬೀದಿಗಿಳಿದವರು ಕೆಲವೇ ಸಾವಿರ ಮಂದಿ. ದಂಗೆಯ ಮಹತ್ವವನ್ನು ತಲೆಯೆಣಿಕೆಯಿಂದ ಅಳೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಂದಿನ ಐರಿಷ್ ಮನೆಗಳಲ್ಲಿ ಯುದ್ಧ ಎಂದರೆ ಏನಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಈ ಎರಡನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

1916ರ ಏಪ್ರಿಲ್ ಕೊನೆಯ ವಾರವನ್ನೇ ತೆಗೆದುಕೊಳ್ಳಿ. ಏಪ್ರಿಲ್ 24ರ ಸೋಮವಾರ ಪಿಯರ್ಸ್ ಡಬ್ಲಿನ್ನಿನ ಪ್ರಧಾನ ಅಂಚೆ ಕಚೇರಿಯ ಮುಂದೆ ನಿಂತು ಗಣರಾಜ್ಯದ ಘೋಷಣೆಯನ್ನು ಓದಿದರು. ಹಿಂದಿನ ವರ್ಷ ಏಪ್ರಿಲ್ 25ರಂದು ತುರ್ಕಿಯ ಗಲಿಪೊಲಿಯ ‘ವಿ’ ಕಡಲತೀರದಲ್ಲಿ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಮತ್ತು ರಾಯಲ್ ಮನ್ಸ್ಟರ್ ಫ್ಯುಸಿಲಿಯರ್ಸ್ ದಳಗಳವರು ದೋಣಿಗಳಿಂದಲೂ ‘ರಿವರ್ ಕ್ಲೈಡ್’ ಎಂಬ ಹಡಗಿನಿಂದಲೂ ಇಳಿಯುವಾಗಲೇ ತುರ್ಕರ ಗುಂಡಿಗೆ ಸಾಲುಸಾಲಾಗಿ ಬಿದ್ದಿದ್ದರು. ಉಳಿದವರು ಎಷ್ಟು ಕಡಿಮೆಯಾಗಿದ್ದರೆಂದರೆ ಎರಡೂ ದಳಗಳನ್ನು ಕೆಲಕಾಲ ಒಂದಾಗಿ ಸೇರಿಸಬೇಕಾಯಿತು. ಹೀಗೆ ದಂಗೆಯ ಎರಡನೆಯ ದಿನ ಡಬ್ಲಿನ್ನಿನ ಎಷ್ಟೋ ಮನೆಗಳಲ್ಲಿ ಮಗನೋ ಗಂಡನೋ ಸತ್ತು ವರ್ಷ ತುಂಬಿದ ದಿನವಾಗಿತ್ತು. ಅದೇ ವಾರ, ಏಪ್ರಿಲ್ 27 ಮತ್ತು 29ರಂದು, ಫ್ರಾನ್ಸಿನ ಹುಲ್ಲುಕ್ ಎಂಬಲ್ಲಿ ಜರ್ಮನರು 16ನೆಯ ಐರಿಷ್ ಡಿವಿಜನ್ನಿನ ಕಂದಕಗಳ ಮೇಲೆ ವಿಷಾನಿಲ ಬಿಟ್ಟರು. ಐನೂರಕ್ಕೂ ಹೆಚ್ಚು ಮಂದಿ ಸತ್ತರು. ಡಬ್ಲಿನ್ನಿನ ದಂಗೆಯಲ್ಲಿ ಬಂಡಾಯಗಾರರು, ಸೈನಿಕರು, ಪೊಲೀಸರು, ನಾಗರಿಕರು ಎಲ್ಲರೂ ಸೇರಿ ಸತ್ತವರು ಸುಮಾರು 485 ಮಂದಿ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಾಗರಿಕರು. ಐರ್ಲೆಂಡಿನಲ್ಲಿ ದಂಗೆಯೆದ್ದಿದೆ, ಇಂಗ್ಲಿಷರ ಫಿರಂಗಿಗಳು ನಿಮ್ಮ ಹೆಂಡತಿ ಮಕ್ಕಳ ಮೇಲೆ ಗುಂಡು ಹಾರಿಸುತ್ತಿವೆ ಎಂಬ ಅರ್ಥದ ಫಲಕಗಳನ್ನು ಜರ್ಮನರು ಐರಿಷರ ಕಂದಕದ ಎದುರು ನಿಲ್ಲಿಸಿದರು. ಅನಿಲದಿಂದ ಉಸಿರುಗಟ್ಟಿ ಸತ್ತ ಗೆಳೆಯನನ್ನು ಮಣ್ಣುಮಾಡಿ ಬಂದ ಸಿಪಾಯಿಯೊಬ್ಬ ಆ ಫಲಕವನ್ನು ಓದಿದಾಗ ಅವನ ಮನಸ್ಸಿನಲ್ಲಿ ಏನು ಹಾದುಹೋಗಿರಬಹುದು ಎಂಬುದನ್ನು ನಮ್ಮ ಅಂಕಣಕಾರರು ಒಮ್ಮೆ ಯೋಚಿಸಬೇಕು.

ಅವರು ಸೈನ್ಯಕ್ಕೆ ಸೇರಿದ್ದಾದರೂ ಏಕೆ? ಬಡತನ ಒಂದು ಕಾರಣ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಡಬ್ಲಿನ್ನಿನ ಕೊಳೆಗೇರಿಗಳಲ್ಲಿ ಒಂದು ಕೋಣೆಯಲ್ಲಿ ಒಂದು ಸಂಸಾರ ಬದುಕುತ್ತಿದ್ದ ಕಾಲ ಅದು, 1913ರ ಕಾರ್ಮಿಕ ಬೀಗಮುದ್ರೆಯಿಂದ ಸಾವಿರಾರು ಮನೆಗಳು ಬಸವಳಿದಿದ್ದವು. ಆದರೆ ಅದೊಂದೇ ಕಾರಣವಾಗಿರಲಿಲ್ಲ. 1914ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ಹೋಂ ರೂಲ್ ಮಸೂದೆಗೆ ಅಂಕಿತ ಬಿದ್ದು, ಯುದ್ಧ ಮುಗಿಯುವವರೆಗೆ ಅದರ ಜಾರಿಯನ್ನು ತಡೆಹಿಡಿಯಲಾಯಿತು. ಎರಡು ದಿನಗಳ ನಂತರ ರಾಷ್ಟ್ರೀಯ ಪಕ್ಷದ ನಾಯಕ ಜಾನ್ ರೆಡ್ಮಂಡ್ ವುಡನ್‌ಬ್ರಿಜ್ ಎಂಬಲ್ಲಿ ಮಾತನಾಡಿ, ಐರಿಷ್ ಸ್ವಯಂಸೇವಕರು ಎಂಬ ರಾಷ್ಟ್ರೀಯವಾದಿ ದಳದವರು ಯುದ್ಧ ನಡೆಯುವಲ್ಲಿಗೇ ಹೋಗಿ ಹೋರಾಡಬೇಕೆಂದು ಕರೆ ಕೊಟ್ಟರು. ಸಣ್ಣ ಕ್ಯಾಥೊಲಿಕ್ ದೇಶವಾದ ಬೆಲ್ಜಿಯಂ ಜರ್ಮನರ ಕಾಲ್ತುಳಿತಕ್ಕೆ ಸಿಕ್ಕಿತ್ತು. ಸಣ್ಣ ದೇಶಗಳ ಹಕ್ಕಿಗಾಗಿ ಹೋರಾಡಿದರೆ ನಾಳೆ ತಮ್ಮ ಹಕ್ಕನ್ನೂ ಯಾರೂ ನಿರಾಕರಿಸಲಾರರು ಎಂದು ನಂಬಿದವರು ಬಹಳ ಮಂದಿ ಇದ್ದರು. ಇತ್ತ ಉತ್ತರದ ಅಲ್ಸ್ಟರಿನ ಪ್ರೊಟೆಸ್ಟೆಂಟರು ಹೋಂ ರೂಲ್ ಬರಲೇಬಾರದು ಎಂಬ ಹಟದಿಂದ ಅದೇ ಸೈನ್ಯ ಸೇರಿದರು. ಅವರ 36ನೆಯ ಡಿವಿಜನ್ 1916ರ ಜುಲೈ 1ರಂದು ಸೊಮ್ ಕದನದ ಮೊದಲ ದಿನವೇ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 5,500 ಜನರನ್ನು ಕಳೆದುಕೊಂಡಿತು. ಒಂದೇ ಸಮವಸ್ತ್ರದೊಳಗೆ ಪರಸ್ಪರ ವಿರುದ್ಧವಾದ ಎರಡು ಆಸೆಗಳಿದ್ದವು. ಜಾನ್ ರೆಡ್ಮಂಡರ ತಮ್ಮ, ಪಾರ್ಲಿಮೆಂಟ್ ಸದಸ್ಯ ವಿಲ್ಲಿ ರೆಡ್ಮಂಡ್ 56ರ ವಯಸ್ಸಿನಲ್ಲಿ 1917ರ ಜೂನ್ 7ರಂದು ಬೆಲ್ಜಿಯಂನ ಮೆಸೀನ್ ಕದನದಲ್ಲಿ ಗಾಯಗೊಂಡು ಬಿದ್ದಾಗ, ಅವರನ್ನು ಹೊತ್ತು ತಂದವರು ಅಲ್ಸ್ಟರ್ ಡಿವಿಜನ್ನಿನವರು. ಅವರ ಮರಣದಿಂದ ತೆರವಾದ ಪೂರ್ವ ಕ್ಲೇರ್ ಸ್ಥಾನಕ್ಕೆ ಮರುತಿಂಗಳೇ ಆಯ್ಕೆಯಾದವರು, ಆಗತಾನೇ ಸೆರೆಮನೆಯಿಂದ ಬಿಡುಗಡೆಯಾಗಿದ್ದ ಡಿ ವಲೇರಾ.

ಇವೆಲ್ಲಕ್ಕಿಂತ ಹೆಚ್ಚಾಗಿ ಒಂದು ಕುಟುಂಬದ ಕಥೆಯನ್ನು ನಿಮ್ಮ ಓದುಗರ ಮುಂದಿಡಲು ಬಯಸುತ್ತೇನೆ. ಡೇವಿಡ್ ಶೀಹಿ ಎಂಬ ರಾಷ್ಟ್ರೀಯವಾದಿ ಪಾರ್ಲಿಮೆಂಟ್ ಸದಸ್ಯರ ಹೆಣ್ಣುಮಕ್ಕಳಲ್ಲಿ ಇಬ್ಬರು ಹನ್ನಾ ಮತ್ತು ಮೇರಿ. ಹನ್ನಾ 1908ರಲ್ಲಿ ಐರಿಷ್ ಮಹಿಳಾ ಮತಾಧಿಕಾರ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. ಅವರ ಜೊತೆಗೂಡಿ ಆ ಸಂಘ ಕಟ್ಟಿದ ಮಾರ್ಗರೆಟ್ ಕಸಿನ್ಸ್ ನಮಗೆ ಅಪರಿಚಿತರಲ್ಲ. ಯುದ್ಧದ ನಡುವೆಯೇ, 1915ರಲ್ಲಿ, ಭಾರತಕ್ಕೆ ಬಂದು ನೆಲೆಸಿ ಇಲ್ಲಿನ ಮಹಿಳಾ ಚಳವಳಿಗೆ ಬೆನ್ನೆಲುಬಾದವರು ಅವರು, ಮತ್ತು 1924ರಲ್ಲಿ ಮೈಸೂರಿನಲ್ಲಿ ಯುವಕ ಪುಟ್ಟಪ್ಪನವರಿಗೆ ಮಾತೃಭಾಷೆಯಲ್ಲಿ ಬರೆಯುವಂತೆ ಹೇಳಿದ ಕವಿ ಜೇಮ್ಸ್ ಕಸಿನ್ಸ್ ಅವರ ಪತ್ನಿ. ಹನ್ನಾ ಅವರ ಪತಿ ಫ್ರಾನ್ಸಿಸ್ ಶೀಹಿ ಸ್ಕೆಫಿಂಗ್ಟನ್ ಶಾಂತಿವಾದಿ, ಸ್ತ್ರೀಸಮಾನತೆಯ ಪ್ರತಿಪಾದಕ, ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ ಮನುಷ್ಯ. ಮೇರಿ ಅವರ ಪತಿ ಟಾಮ್ ಕೆಟಲ್ ಅರ್ಥಶಾಸ್ತ್ರದ ಪ್ರಾಧ್ಯಾಪಕ, ಕವಿ, ಮಾಜಿ ಪಾರ್ಲಿಮೆಂಟ್ ಸದಸ್ಯ. 1914ರ ಬೇಸಿಗೆಯಲ್ಲಿ ಕೆಟಲ್ ಬೆಲ್ಜಿಯಂಗೆ ಹೋಗಿದ್ದುದು ಐರಿಷ್ ಸ್ವಯಂಸೇವಕರಿಗೆ ಬಂದೂಕು ಕೊಳ್ಳಲು. ಅಲ್ಲಿರುವಾಗಲೇ ಯುದ್ಧ ಆರಂಭವಾಯಿತು. ಊರುಗಳು ಉರಿಯುವುದನ್ನು ಕಣ್ಣಾರೆ ಕಂಡು ವರದಿ ಮಾಡಿದ ಅವರು ಹಿಂದಿರುಗಿ ಡಬ್ಲಿನ್ ಫ್ಯುಸಿಲಿಯರ್ಸ್ ಸೇರಿದರು.

ಈಸ್ಟರ್ ವಾರ ಬಂತು. ಬಂದೂಕು ಮುಟ್ಟದ ಸ್ಕೆಫಿಂಗ್ಟನ್ ಅಂಗಡಿಗಳ ಲೂಟಿಯನ್ನು ತಡೆಯಲು ನಾಗರಿಕರನ್ನು ಒಟ್ಟುಗೂಡಿಸುತ್ತ ಬೀದಿಯಲ್ಲಿ ಓಡಾಡುತ್ತಿದ್ದರು. ಅವರನ್ನು ಹಿಡಿದು ಪೋರ್ಟೊಬೆಲ್ಲೊ ಸೇನಾ ವಸತಿಗೆ ಒಯ್ದರು. ಏಪ್ರಿಲ್ 26ರ ಬೆಳಿಗ್ಗೆ ವಿಚಾರಣೆಯಿಲ್ಲದೆ, ಇನ್ನಿಬ್ಬರು ಪತ್ರಕರ್ತರ ಜೊತೆ, ಗೋಡೆಗೆ ನಿಲ್ಲಿಸಿ ಗುಂಡಿಕ್ಕಲಾಯಿತು. ಆಜ್ಞೆ ಕೊಟ್ಟ ಕ್ಯಾಪ್ಟನ್ ಬೋವನ್ ಕೋಲ್ಟ್‌ಹರ್ಸ್ಟ್ ಐರಿಷ್. ಆ ಕೊಲೆಯನ್ನು ಮುಚ್ಚಿಡಲು ಒಪ್ಪದೆ ಲಂಡನ್ನಿಗೆ ಹೋಗಿ ದೂರು ಕೊಟ್ಟು, ಅದಕ್ಕಾಗಿ ಸೈನ್ಯದ ಕೆಲಸ ಕಳೆದುಕೊಂಡ ಮೇಜರ್ ಫ್ರಾನ್ಸಿಸ್ ವೇನ್ ಕೂಡ ಡಬ್ಲಿನ್ನಿನಲ್ಲಿ ಹುಟ್ಟಿದವರು, ಮನ್ಸ್ಟರ್ ಫ್ಯುಸಿಲಿಯರ್ಸ್ ದಳದ ಅಧಿಕಾರಿ. ಸರ್ಕಾರ ನೀಡಲು ಬಂದ 10,000 ಪೌಂಡ್ ಪರಿಹಾರವನ್ನು ಹನ್ನಾ ತಿರಸ್ಕರಿಸಿದರು. ಅಮೆರಿಕಕ್ಕೆ ಹೋಗಿ ಊರೂರಿನಲ್ಲಿ ಭಾಷಣ ಮಾಡಿ 1918ರ ಆರಂಭದಲ್ಲಿ ಅಧ್ಯಕ್ಷ ವಿಲ್ಸನ್ನರನ್ನು ಕಂಡು ಐರಿಷ್ ಮಹಿಳೆಯರ ಮನವಿ ಸಲ್ಲಿಸಿದರು. ತಾನು ತೊಟ್ಟ ಸಮವಸ್ತ್ರವನ್ನೇ ತೊಟ್ಟವರು ತನ್ನ ಷಡ್ಡಕನನ್ನು ಕೊಂದದ್ದನ್ನು ಕೆಟಲ್ ಹೊತ್ತುಕೊಂಡೇ ರಣರಂಗಕ್ಕೆ ಹೋದರು. ದಂಗೆಯ ನಾಯಕರನ್ನು ನಾಳೆಯ ಇತಿಹಾಸ ಹುತಾತ್ಮರೆಂದು ಹಾಡುತ್ತದೆ, ತನ್ನನ್ನು ನೆನೆದರೂ ಬ್ರಿಟಿಷ್ ಅಧಿಕಾರಿಯೆಂದಷ್ಟೇ ನೆನೆಯುತ್ತದೆ ಎಂಬುದು ಅವರಿಗೆ ಅರಿವಾಗಿತ್ತು. ಆಪ್ತರೊಡನೆ ಅದನ್ನು ಹೇಳಿಯೂ ಇದ್ದರು. 1916ರ ಸೆಪ್ಟೆಂಬರ್ 9ರಂದು ಸೊಮ್ ಪ್ರದೇಶದ ಗಿನ್ಶಿ ಹಳ್ಳಿಯ ಮೇಲಿನ ದಾಳಿಯಲ್ಲಿ ಅವರು ಸತ್ತರು. ಸಮಾಧಿಯೂ ಸಿಗಲಿಲ್ಲ, ಟಿಯೆಪ್‌ವಾಲ್ ಸ್ಮಾರಕದ ಕಲ್ಲಿನಲ್ಲಿ ಹೆಸರಿದೆ. ಸಾಯುವ ಕೆಲವೇ ದಿನಗಳ ಮುಂಚೆ ಕಂದಕದಲ್ಲಿ ಕುಳಿತು ಪುಟ್ಟ ಮಗಳಿಗೆಂದು ಒಂದು ಸುನೀತ ಬರೆದಿದ್ದರು. ಬಾವುಟಕ್ಕಾಗಲಿ, ದೊರೆಗಾಗಲಿ, ಚಕ್ರವರ್ತಿಗಾಗಲಿ ತಾವು ಸಾಯುತ್ತಿಲ್ಲ ಎಂದು ಅವರು ಅದರಲ್ಲಿ ಮಗಳಿಗೆ ಹೇಳುತ್ತಾರೆ. ಇಂಥವರನ್ನು ಸಂಬಳಕ್ಕೆ ಹೋದವರು ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಫ್ರಾನ್ಸಿಸ್ ಲೆಡ್ವಿಜ್ ಎಂಬ ಇನ್ನೊಬ್ಬ ಕವಿಯದೂ ಇದೇ ಇಕ್ಕಟ್ಟು. ಮೀತ್ ಪ್ರಾಂತ್ಯದ ಸ್ಲೇನ್ ಊರಿನ ಬಡವರ ಮನೆಯಲ್ಲಿ ಹುಟ್ಟಿ, ರಸ್ತೆ ಕೆಲಸ ಮಾಡುತ್ತ ಕವಿತೆ ಬರೆದ ಈ ಯುವಕ ಗಲಿಪೊಲಿಯನ್ನೂ ಸರ್ಬಿಯವನ್ನೂ ಕಂಡು ಬಂದವನು. ದಂಗೆಯಲ್ಲಿ ಗುಂಡಿಗೆ ಬಲಿಯಾದ ತನ್ನ ಗೆಳೆಯ, ಕವಿ ತಾಮಸ್ ಮ್ಯಾಕ್‌ಡೊನಾಗಾಗಿ ಅವನು ಬರೆದ ಶೋಕಗೀತೆಯನ್ನು ಇಂದಿಗೂ ಐರ್ಲೆಂಡಿನ ಮಕ್ಕಳು ಓದುತ್ತಾರೆ. ಅದನ್ನು ಬರೆದಾಗ ಅವನು ಬ್ರಿಟಿಷ್ ಸೈನಿಕ. 1917ರ ಜುಲೈ 31ರಂದು ಈಪ್ರ್ ಬಳಿ ಸೇನೆಗಾಗಿ ರಸ್ತೆ ಹಾಕುತ್ತಿದ್ದಾಗ ಷೆಲ್ ಬಿದ್ದು ಸತ್ತನು.

ಈಗ ಹೆಂಗಸರ ವಿಷಯ. ನಮ್ಮ ಬರಹಗಳಲ್ಲಿ ದಂಗೆಯಲ್ಲಿ ಹೋರಾಡಿದ ಕಾನ್ಸ್ಟನ್ಸ್ ಮಾರ್ಕೇವಿಚ್ ಒಬ್ಬರ ಹೆಸರು ಬಂದರೆ ಅದೇ ಹೆಚ್ಚು. ಏಪ್ರಿಲ್ 29ರ ಶನಿವಾರ, ಅಂದರೆ ಹುಲ್ಲುಕ್‌ನಲ್ಲಿ ಎರಡನೆಯ ಬಾರಿ ಅನಿಲ ಹರಿದ ದಿನವೇ, ಎಲಿಜಬೆತ್ ಓಫಾರೆಲ್ ಎಂಬ ಸೂಲಗಿತ್ತಿ ದಾದಿ ಮೂರ್ ಬೀದಿಯ ಮನೆಯೊಂದರಿಂದ ಬಿಳಿ ಬಾವುಟ ಹಿಡಿದು ಗುಂಡುಗಳ ನಡುವೆ ಹೊರಬಂದರು. ಪಿಯರ್ಸ್ ಬ್ರಿಟಿಷ್ ಜನರಲ್ ಲೋ ಅವರಿಗೆ ಶರಣಾದಾಗ ಪಕ್ಕದಲ್ಲಿ ನಿಂತಿದ್ದವರು, ಆಮೇಲೆ ಶರಣಾಗತಿಯ ಆದೇಶವನ್ನು ಊರಿನ ಬೇರೆ ಬೇರೆ ಠಾಣ್ಯಗಳಿಗೆ ಹೊತ್ತು ನಡೆದವರು ಅವರೇ. ಆ ಕ್ಷಣದ ಪ್ರಸಿದ್ಧ ಛಾಯಾಚಿತ್ರದಲ್ಲಿ ಪಿಯರ್ಸರ ಆಚೆ ಬದಿಯಲ್ಲಿ ಅವರ ಪಾದಗಳಷ್ಟೇ ಕಾಣುತ್ತವೆ, ಮುಂದೆ ಅಚ್ಚಾದ ಕೆಲವು ಪ್ರತಿಗಳಲ್ಲಿ ಆ ಪಾದಗಳನ್ನೂ ತಿದ್ದಿ ತೆಗೆಯಲಾಗಿತ್ತು. ಮಾರ್ಗರೆಟ್ ಸ್ಕಿನಿಡರ್ ಎಂಬ ಶಿಕ್ಷಕಿ ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಬಳಿಯ ಠಾಣ್ಯದಲ್ಲಿ ಬಂದೂಕು ಹಿಡಿದು ಹೋರಾಡಿ ಮೂರು ಗುಂಡೇಟು ತಿಂದವರು. ಸ್ವತಂತ್ರ ಐರ್ಲೆಂಡ್ ಬಂದ ಮೇಲೆ 1925ರಲ್ಲಿ ಅವರು ಗಾಯಾಳು ಪಿಂಚಣಿಗೆ ಅರ್ಜಿ ಹಾಕಿದಾಗ, ಕಾನೂನಿನಲ್ಲಿರುವ ಸೈನಿಕ ಎಂದರೆ ಗಂಡಸು ಎಂಬ ಕಾರಣ ಕೊಟ್ಟು ತಿರಸ್ಕರಿಸಿದರು. ಪಿಂಚಣಿ ದಕ್ಕಿದ್ದು 1938ರಲ್ಲಿ. ತಾವು ಯಾರಿಗಾಗಿ ರಕ್ತ ಸುರಿಸಿದರೋ ಅವರಿಂದಲೇ ಇಂಥ ಉತ್ತರ ಪಡೆದ ಹೆಂಗಸಿನ ಸಂಕಟವನ್ನು ವಿವರಿಸಲು ಬೇರೆ ಮಾತು ಬೇಕಿಲ್ಲ.

ಆಚೆ ಬದಿಯ ಹೆಂಗಸರನ್ನು ಕೇಳುವವರಂತೂ ಇರಲೇ ಇಲ್ಲ. ದಂಗೆ ಸೋತು ಬಂಡಾಯಗಾರರನ್ನು ಸೆರೆಯಾಳುಗಳಾಗಿ ಒಯ್ಯುವಾಗ ಡಬ್ಲಿನ್ನಿನ ಬಡ ಕೇರಿಗಳ ಹೆಂಗಸರು ಅವರಿಗೆ ಶಾಪ ಹಾಕಿದರೆಂದು ಎಲ್ಲ ಪುಸ್ತಕಗಳಲ್ಲೂ ಬರುತ್ತದೆ. ಗಂಡಂದಿರು ಯುದ್ಧಕ್ಕೆ ಹೋಗಿದ್ದರಿಂದ ಸೇನೆಯ ಭತ್ಯೆಯಲ್ಲಿ ಮನೆ ನಡೆಸುತ್ತಿದ್ದವರು ಇವರು. ಇವರನ್ನು ಕುಡುಕಿಯರೆಂದೂ ಮಾನಗೆಟ್ಟವರೆಂದೂ ಚಿತ್ರಿಸುವುದು ಬಹುಕಾಲ ರೂಢಿಯಲ್ಲಿತ್ತು. ‘ವಿ’ ತೀರದಲ್ಲಿ ಗಂಡನನ್ನು ಕಳೆದುಕೊಂಡು ವರ್ಷವಾದ ವಿಧವೆ, ಅವನನ್ನು ಕೊಂದ ತುರ್ಕರ ಮಿತ್ರರಾದ ಜರ್ಮನರ ಜೊತೆ ಮೈತ್ರಿ ಸಾರಿದ ಘೋಷಣೆಯನ್ನು ಕೇಳಿ ಕೂಗಾಡಿದರೆ ಅದರಲ್ಲಿ ನನಗೆ ಮಾನಗೇಡಿತನ ಕಾಣುವುದಿಲ್ಲ. ದಾದಿಯರಾಗಿ ಹೋದವರು, ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದವರು ಸಾವಿರಾರು. ಡಬ್ಲಿನ್ನಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಈಡಿತ್ ಸ್ಟೋನಿ ಸ್ಕಾಟಿಷ್ ಮಹಿಳಾ ಆಸ್ಪತ್ರೆಗಳ ಜೊತೆ ಫ್ರಾನ್ಸಿನ ತ್ರ್ವಾಗೂ ಗ್ರೀಸಿನ ಸಲೋನಿಕಾಗೂ ಹೋಗಿ, ಡೇರೆಗಳಲ್ಲಿ ಎಕ್ಸ್-ರೇ ಯಂತ್ರ ನಡೆಸಿ, ಗಾಯಗಳಲ್ಲಿ ಹೂತ ಗುಂಡಿನ ಚೂರುಗಳನ್ನು ಪತ್ತೆಹಚ್ಚಿಕೊಟ್ಟರು. ಮಹಿಳಾ ವೈದ್ಯರ ಆ ಆಸ್ಪತ್ರೆಗಳನ್ನು ಬ್ರಿಟಿಷ್ ಯುದ್ಧ ಇಲಾಖೆ ಬೇಡವೆಂದು ತಳ್ಳಿದ್ದರಿಂದಲೇ ಅವು ಮಿತ್ರದೇಶಗಳ ಸೈನಿಕರ ಸೇವೆಗೆ ಹೋಗಬೇಕಾಯಿತು. ಯುದ್ಧ ಮುಗಿಯಲು ಒಂದು ತಿಂಗಳಿರುವಾಗ, 1918ರ ಅಕ್ಟೋಬರ್ 10ರಂದು, ಡಬ್ಲಿನ್ ಕೊಲ್ಲಿಯ ಹೊರಗೆ ‘ಲೀನ್‌ಸ್ಟರ್’ ಎಂಬ ಅಂಚೆ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಸತ್ತ ಐನೂರಕ್ಕೂ ಹೆಚ್ಚು ಜನರಲ್ಲಿ ಕಾರ್ಕಿನ 19 ವರ್ಷದ ಜೋಸೆಫೀನ್ ಕಾರ್ ಒಬ್ಬಳು. ಮಹಿಳಾ ನೌಕಾ ಸೇವೆಯಲ್ಲಿ ಶತ್ರುವಿನ ದಾಳಿಗೆ ಬಲಿಯಾದ ಮೊದಲಿಗಳು ಅವಳೇ.

ಭಾರತದ ಮಟ್ಟಿಗೆ ಐರಿಷ್ ಸೈನಿಕರು ಯಾರು ಎಂಬ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳಬಾರದು. ‘ವಿ’ ತೀರದಲ್ಲಿ ನಾಶವಾದ ಡಬ್ಲಿನ್ ಫ್ಯುಸಿಲಿಯರ್ಸ್ ದಳದ ಬೇರು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಮತ್ತು ಬೊಂಬಾಯಿ ಯುರೋಪಿಯನ್ ಪಡೆಗಳಲ್ಲಿತ್ತು. ಆ ದಳದ ಯುದ್ಧಗೌರವಗಳ ಪಟ್ಟಿಯಲ್ಲಿ ಶ್ರೀರಂಗಪಟ್ಟಣದ ಜೊತೆಗೆ ನಮ್ಮ ನಂದಿದುರ್ಗದ ಹೆಸರೂ ಇದೆ. 1791ರ ಅಕ್ಟೋಬರಿನಲ್ಲಿ ಟಿಪ್ಪುವಿನ ಆ ಕೋಟೆಯನ್ನು ಕಾರ್ನ್‌ವಾಲಿಸನ ಸೇನೆ ಹಿಡಿದದ್ದಕ್ಕೆ ಸಂದ ಗೌರವ ಅದು. ಪಂಜಾಬಿನಲ್ಲಿ ಜಲಿಯನ್‌ವಾಲಾಬಾಗ್ ಹತ್ಯಾಕಾಂಡವನ್ನು ಸಮರ್ಥಿಸಿದ ಲೆಫ್ಟಿನೆಂಟ್ ಗವರ್ನರ್ ಮೈಕೇಲ್ ಓಡ್ವಯರ್ ಟಿಪ್ಪರೆರಿ ಪ್ರಾಂತ್ಯದ ಕ್ಯಾಥೊಲಿಕ್ ರೈತ ಮನೆತನದವನು. ಸಾಮ್ರಾಜ್ಯದ ಕೈಯಾಗಿ ದುಡಿದ ಐರಿಷರನ್ನು ನಾನು ಮರೆಯುವುದೂ ಇಲ್ಲ, ಮನ್ನಿಸುವುದೂ ಇಲ್ಲ. ಆದರೆ ಹತ್ಯಾಕಾಂಡ ನಡೆದು ಹದಿನಾಲ್ಕು ತಿಂಗಳಾದ ಮೇಲೆ, 1920ರ ಜೂನ್ 28ರಂದು, ಅದೇ ಪಂಜಾಬಿನ ಜಲಂಧರಿನಲ್ಲಿ ಕನಾಟ್ ರೇಂಜರ್ಸ್ ದಳದ ಐರಿಷ್ ಸಿಪಾಯಿಗಳು, ತಮ್ಮ ದೇಶವಾದ ಐರ್ಲೆಂಡಿನಲ್ಲಿ ಬ್ರಿಟಿಷ್ ಪಡೆಗಳು ಮಾಡುತ್ತಿರುವ ದೌರ್ಜನ್ಯ ನಿಲ್ಲುವವರೆಗೆ ಕೆಲಸ ಮಾಡುವುದಿಲ್ಲ ಎಂದು ಬಂದೂಕು ಕೆಳಗಿಟ್ಟರು. ಬಂಡಾಯ ಸೋಲನ್‌ಗೂ ಹಬ್ಬಿ, ಅಲ್ಲಿ ಶಸ್ತ್ರಾಗಾರದ ಬಳಿ ಇಬ್ಬರು ಸಿಪಾಯಿಗಳು ಸತ್ತರು. ಹಲವರಿಗೆ ಮರಣದಂಡನೆ ವಿಧಿಸಿದರೂ ಜಾರಿಯಾದದ್ದು ಸೋಲನ್ನಿನ ನಾಯಕ ಜೇಮ್ಸ್ ಡೇಲಿ ಒಬ್ಬನದು. 1920ರ ನವೆಂಬರ್ 2ರಂದು ದಗ್‌ಶಾಯಿಯ ಸೆರೆಮನೆಯಲ್ಲಿ ಗುಂಡಿಕ್ಕಿ ಕೊಂದಾಗ ಅವನಿಗೆ ಇಪ್ಪತ್ತರ ಆಸುಪಾಸು. 1970ರವರೆಗೆ ಅವನ ಅಸ್ಥಿ ಹಿಮಾಚಲದ ಮಣ್ಣಿನಲ್ಲೇ ಇತ್ತು. ಸಮವಸ್ತ್ರ ನೋಡಿ ಮನುಷ್ಯನನ್ನು ವಿಂಗಡಿಸುವವರು ಡೇಲಿಯನ್ನು ಯಾವ ಕಡೆ ನಿಲ್ಲಿಸುತ್ತಾರೆ?

1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಬಂತು. ದಕ್ಷಿಣದ ಐದು ಐರಿಷ್ ಪಾದಾತಿ ದಳಗಳನ್ನು ವಿಸರ್ಜಿಸಿದರು. ಮರಳಿ ಬಂದ ಸೈನಿಕರು ಎದೆಪದಕಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಬಾಯಿ ಹೊಲಿದುಕೊಂಡು ಬದುಕಿದರು. ಸೇಂಟ್ ಸ್ಟೀಫನ್ಸ್ ಗ್ರೀನ್‌ನ ಬಾಗಿಲಲ್ಲಿ ಬೋಯರ್ ಯುದ್ಧದಲ್ಲಿ ಸತ್ತ ಫ್ಯುಸಿಲಿಯರ್‌ಗಳಿಗಾಗಿ 1907ರಲ್ಲಿ ಕಟ್ಟಿದ ಕಮಾನಿಗೆ ಜನ ಇಟ್ಟ ಹೆಸರು ‘ದ್ರೋಹಿಗಳ ಬಾಗಿಲು’. ಅದೇ ಉದ್ಯಾನದಲ್ಲಿ ಟಾಮ್ ಕೆಟಲ್ಲರ ಎದೆಪ್ರತಿಮೆ ನಿಲ್ಲಿಸಲು 1927ರಲ್ಲೇ ಎಲ್ಲ ಸಿದ್ಧವಿದ್ದರೂ, ಪೀಠದ ಮೇಲೆ ಕೆತ್ತಬೇಕಿದ್ದ ಮಾತುಗಳ ಬಗ್ಗೆ ತಕರಾರು ಎದ್ದು ಹತ್ತು ವರ್ಷ ತಡವಾಯಿತು. 1937ರಲ್ಲಿ ಯಾವ ಸಮಾರಂಭವೂ ಇಲ್ಲದೆ ಅದನ್ನು ತಂದು ಕೂರಿಸಿದರು. ಲಿಫಿ ನದಿಯ ದಂಡೆಯ ಐಲಂಡ್‌ಬ್ರಿಜ್‌ನಲ್ಲಿ ಎಡ್ವಿನ್ ಲಟ್ಯೆನ್ಸ್, ಹೊಸದಿಲ್ಲಿಯನ್ನು ರೂಪಿಸಿದ ಅದೇ ವಾಸ್ತುಶಿಲ್ಪಿ, ಯುದ್ಧಸ್ಮಾರಕ ಉದ್ಯಾನವನ್ನು ವಿನ್ಯಾಸ ಮಾಡಿದರು. ಬ್ರಿಟಿಷ್ ಸೇನೆಯಿಂದ ಬಂದವರನ್ನೂ ಐರಿಷ್ ರಾಷ್ಟ್ರೀಯ ಸೇನೆಯಿಂದ ಬಂದವರನ್ನೂ ಸಮಪಾಲಿನಲ್ಲಿ ಕೆಲಸಕ್ಕೆ ತೆಗೆದುಕೊಂಡು 1930ರ ದಶಕದಲ್ಲಿ ಅದನ್ನು ಕಟ್ಟಲಾಯಿತು. ಕಟ್ಟಿ ಮುಗಿದರೂ ವಿಧ್ಯುಕ್ತ ಉದ್ಘಾಟನೆ ನಡೆಯಲಿಲ್ಲ. ದಶಕಗಳ ಕಾಲ ಅಲ್ಲಿ ಕಳೆ ಬೆಳೆದು ಕಸ ಬಿತ್ತು. 1988ರಲ್ಲಿ, ದುರಸ್ತಿಯಾದ ಮೇಲೆ, ಅದನ್ನು ವಿಧಿವತ್ತಾಗಿ ಸಮರ್ಪಿಸಲಾಯಿತು.

ಎರಡನೆಯ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿತ್ತು, ಆದರೆ ಐರಿಷರೆಲ್ಲ ತಟಸ್ಥರಾಗಿರಲಿಲ್ಲ. ಸುಮಾರು 5,000 ಮಂದಿ ಐರಿಷ್ ಸೇನೆಯನ್ನು ತೊರೆದು ಹಿಟ್ಲರನ ವಿರುದ್ಧ ಹೋರಾಡಲು ಬ್ರಿಟಿಷ್ ಪಡೆಗಳನ್ನು ಸೇರಿದರು. ಹಿಂದಿರುಗಿದಾಗ 1945ರ ಆದೇಶವೊಂದು ಅವರ ಪಿಂಚಣಿಯನ್ನು ಕಸಿದು, ಏಳು ವರ್ಷ ಸರ್ಕಾರಿ ಕೆಲಸದ ಬಾಗಿಲು ಮುಚ್ಚಿತು. ಜನ ಅದನ್ನು ‘ಉಪವಾಸದ ಆದೇಶ’ ಎಂದೇ ಕರೆದರು. ಅವರಿಗೆ ಕ್ಷಮಾದಾನ ನೀಡುವ ಕಾನೂನು ಬಂದದ್ದು 2013ರಲ್ಲಿ, ಬದುಕಿದ್ದವರು ಬೆರಳೆಣಿಕೆಯಷ್ಟಾದಾಗ. ಸೇನೆ ಬಿಟ್ಟು ಹೋಗುವುದು ತಪ್ಪೇ, ಅದಕ್ಕೆ ಶಿಕ್ಷೆಯೂ ಸಲ್ಲಬಹುದು. ಆದರೆ ಹೆಂಡತಿ ಮಕ್ಕಳ ಅನ್ನಕ್ಕೆ ಕೈಹಾಕಿದ್ದು ಶಿಕ್ಷೆಯ ಮಿತಿ ಮೀರಿದ್ದೆಂದು ನನಗನ್ನಿಸುತ್ತದೆ. ಬ್ರಿಟಿಷರ ಆಳ್ವಿಕೆಯಲ್ಲೇ ಉಳಿದ ಉತ್ತರದಲ್ಲೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಆ ಯುದ್ಧದಲ್ಲಿ ಉತ್ತರ ಐರ್ಲೆಂಡಿಗೆ ದೊರೆತ ಒಂದೇ ವಿಕ್ಟೋರಿಯಾ ಕ್ರಾಸ್ ಬೆಲ್‌ಫಾಸ್ಟಿನ ಕ್ಯಾಥೊಲಿಕ್ ನಾವಿಕ ಜೇಮ್ಸ್ ಮಗೆನಿಸ್ ಅವರದು, ಆದರೂ ಅವರ ಊರಿನಲ್ಲಿ ಸ್ಮಾರಕ ಏಳಲು 1999ರವರೆಗೆ ಕಾಯಬೇಕಾಯಿತು.

ಅದೇ ಯುದ್ಧದ ಇಬ್ಬರು ಹೆಂಗಸರನ್ನು ಇಲ್ಲಿ ಹೆಸರಿಸಲೇಬೇಕು. ಮೇಯೋ ಪ್ರಾಂತ್ಯದ ಪಶ್ಚಿಮ ತುದಿಯ ಬ್ಲ್ಯಾಕ್‌ಸೋಡ್ ಎಂಬಲ್ಲಿ ಅಂಚೆ ಕಚೇರಿಯ ಸಹಾಯಕಿಯಾಗಿದ್ದ ಮೋರಿನ್ ಫ್ಲಾವಿನ್ ಗಂಟೆಗಂಟೆಗೂ ವಾಯುಭಾರಮಾಪಕ ನೋಡಿ ಹವಾಮಾನ ವರದಿ ಕಳಿಸುತ್ತಿದ್ದರು. 1944ರ ಜೂನ್ 3, ಅವರಿಗೆ 21 ತುಂಬಿದ ದಿನ. ಅಂದು ಅವರು ಕಳಿಸಿದ, ಒತ್ತಡ ವೇಗವಾಗಿ ಕುಸಿಯುತ್ತಿದೆ ಎಂಬ ವರದಿಯೂ ಮರುದಿನದ ಸುಧಾರಣೆಯ ವರದಿಯೂ ಐಸೆನ್‌ಹೋವರರ ಹವಾಮಾನ ತಜ್ಞರ ಮೇಜನ್ನು ತಲುಪಿ, ನಾರ್ಮಂಡಿಯ ಮೇಲಿನ ದಾಳಿ ಜೂನ್ 5ರಿಂದ 6ಕ್ಕೆ ಮುಂದೆ ಹೋಗಲು ಕಾರಣವಾದವು. ತಟಸ್ಥ ದೇಶವೊಂದರ ಅಂಚೆ ಕಚೇರಿಯಿಂದ ಹೋದ ಆ ಅಂಕಿಗಳ ಬೆಲೆ ಏನೆಂದು ಅವರಿಗೆ ತಿಳಿದದ್ದು ಹಲವು ವರ್ಷಗಳ ನಂತರ. ಅಮೆರಿಕದ ಪ್ರತಿನಿಧಿ ಸಭೆ 2021ರಲ್ಲಿ ಅವರನ್ನು ಗೌರವಿಸಿತು. 2023ರ ಡಿಸೆಂಬರಿನಲ್ಲಿ, ನೂರು ದಾಟಿ, ಅವರು ತೀರಿಕೊಂಡರು. ಇನ್ನೊಬ್ಬರು ಕಾರ್ಕಿನ ಮೇರಿ ಎಲ್ಮ್ಸ್. ಸ್ಪೇನಿನ ಅಂತರ್ಯುದ್ಧದಲ್ಲಿ ಮಕ್ಕಳ ಆಸ್ಪತ್ರೆಯಲ್ಲಿ ದುಡಿದು, ಆಮೇಲೆ ಕ್ವೇಕರ್ ಪರಿಹಾರ ತಂಡದೊಡನೆ ಫ್ರಾನ್ಸಿನ ಪೆರ್ಪಿಜ್ಞಾನಿಗೆ ಬಂದ ಅವರು, 1942ರಲ್ಲಿ ರಿವ್‌ಸಾಲ್ತ್ ಶಿಬಿರದಿಂದ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದಾಗ ಮಕ್ಕಳನ್ನು ಹೊರತಂದು ಬಚ್ಚಿಟ್ಟರು. ಗೆಸ್ಟಾಪೊ ಅವರನ್ನು 1943ರಲ್ಲಿ ಹಿಡಿದು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟಿತು. ಅವರು ಈ ಬಗ್ಗೆ ಎಲ್ಲೂ ಹೇಳಿಕೊಂಡವರಲ್ಲ. ಅವರು ತೀರಿಕೊಂಡು ಹನ್ನೊಂದು ವರ್ಷವಾದ ಮೇಲೆ, 2013ರಲ್ಲಿ, ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಯಹೂದಿಗಳನ್ನು ಉಳಿಸಿದ ಸಜ್ಜನರ ಸಾಲಿಗೆ ಅವರನ್ನು ಸೇರಿಸಿತು. ಆ ಸಾಲಿಗೆ ಸೇರಿದ ಮೊದಲ ಐರಿಷ್ ವ್ಯಕ್ತಿ ಅವರು.

ಐರ್ಲೆಂಡ್ ತನ್ನ ಈ ಮರೆವನ್ನು ತಾನೇ ತಿದ್ದಿಕೊಳ್ಳತೊಡಗಿದೆ. 1987ರ ನವೆಂಬರ್ 8ರಂದು ಉತ್ತರ ಐರ್ಲೆಂಡಿನ ಎನಿಸ್ಕಿಲನ್ ಊರಿನಲ್ಲಿ ಯುದ್ಧದಲ್ಲಿ ಮಡಿದವರನ್ನು ಸ್ಮರಿಸಲು ಸೇರಿದ್ದವರ ನಡುವೆ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಬಾಂಬ್ ಸಿಡಿದು 11 ಜನ ಸತ್ತಾಗ ದಕ್ಷಿಣದ ಸಾಮಾನ್ಯ ಜನರೂ ಬೆಚ್ಚಿಬಿದ್ದರು. 1998ರ ನವೆಂಬರ್ 11ರಂದು, ಅಲ್ಸ್ಟರ್ ಡಿವಿಜನ್ ಮತ್ತು 16ನೆಯ ಐರಿಷ್ ಡಿವಿಜನ್ ಅಕ್ಕಪಕ್ಕದಲ್ಲಿ ಹೋರಾಡಿದ್ದ ಮೆಸೀನ್‌ನಲ್ಲಿ, ಐರಿಷ್ ಶೈಲಿಯ ದುಂಡು ಗೋಪುರವುಳ್ಳ ಶಾಂತಿ ಉದ್ಯಾನವನ್ನು ಅಧ್ಯಕ್ಷೆ ಮೇರಿ ಮೆಕಲೀಸ್ ಮತ್ತು ರಾಣಿ ಎಲಿಜಬೆತ್ ಬೆಲ್ಜಿಯಂ ದೊರೆಯೊಡನೆ ಉದ್ಘಾಟಿಸಿದರು. 2011ರಲ್ಲಿ ಅದೇ ರಾಣಿ ಡಬ್ಲಿನ್ನಿಗೆ ಬಂದು, ಬ್ರಿಟಿಷರ ವಿರುದ್ಧ ಹೋರಾಡಿ ಮಡಿದವರ ಸ್ಮರಣೋದ್ಯಾನದಲ್ಲೂ ಐಲಂಡ್‌ಬ್ರಿಜ್‌ನಲ್ಲೂ ಪುಷ್ಪಚಕ್ರ ಇಟ್ಟರು. ಆದರೆ ಎಲ್ಲವೂ ಸರಿಹೋಯಿತೆಂದು ಹೇಳುವಂತಿಲ್ಲ. 1916ರಲ್ಲಿ ಸತ್ತ ಬಂಡಾಯಗಾರರು, ಬ್ರಿಟಿಷ್ ಸೈನಿಕರು, ನಾಗರಿಕರು ಎಲ್ಲರ ಹೆಸರನ್ನೂ ಒಂದೇ ಗೋಡೆಯ ಮೇಲೆ ಬರೆಯುವ ಪ್ರಯತ್ನ ಡಬ್ಲಿನ್ನಿನ ಗ್ಲಾಸ್ನೆವಿನ್ ಸ್ಮಶಾನದಲ್ಲಿ 2016ರಲ್ಲಿ ನಡೆಯಿತು. 2017ರಲ್ಲಿ ಅದರ ಮೇಲೆ ಬಣ್ಣ ಎರಚಿದರು, 2020ರಲ್ಲಿ ಸುತ್ತಿಗೆಯಿಂದ ಒಡೆದರು, ಕೊನೆಗೆ ಸ್ಮಶಾನದ ಆಡಳಿತದವರು ಅದನ್ನು ಕೈಬಿಟ್ಟರು. ಕೊಂದವನನ್ನೂ ಸತ್ತವನನ್ನೂ ಒಂದೇ ಸಾಲಿನಲ್ಲಿ ಬರೆಯುವುದನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. ನನ್ನ ಅಭಿಪ್ರಾಯದಲ್ಲಿ ಎಲ್ಲರನ್ನೂ ಒಂದೇ ಗೋಡೆಗೆ ತರುವ ಅಗತ್ಯವಿಲ್ಲ. ಎಲ್ಲರ ಕಥೆಯನ್ನೂ ಪೂರ್ತಿಯಾಗಿ ಹೇಳಿದರೆ ಸಾಕು.

ನಮ್ಮವರೂ ಆ ಯುದ್ಧದಲ್ಲಿದ್ದರು. ಗಲಿಪೊಲಿಯ ಸುವ್ಲಾ ಕೊಲ್ಲಿಯಲ್ಲಿ ಹೋರಾಡಿದ 10ನೆಯ ಐರಿಷ್ ಡಿವಿಜನ್ 1917ರಲ್ಲಿ ಪ್ಯಾಲೆಸ್ಟೀನಿಗೆ ಬಂದು ಜನರಲ್ ಅಲೆನ್ಬಿಯ ಸೇನೆ ಸೇರಿತು. 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಇದ್ದದ್ದೂ ಅದೇ ಸೇನೆಯಲ್ಲಿ. ಆ ಮೈಸೂರು ಕುದುರೆ ಸವಾರರನ್ನು ಹೆಮ್ಮೆಯಿಂದ ಸ್ಮರಿಸುವ ನಾವು, ಅದೇ ದಂಡಿನಲ್ಲಿದ್ದ ಐರಿಷ್ ಸಿಪಾಯಿಯನ್ನು ದ್ರೋಹಿಯೆನ್ನಲು ನಮಗೆ ಯಾವ ಅಧಿಕಾರವಿದೆಯೋ ತಿಳಿಯದು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಈಸ್ಟರ್ ದಂಗೆಯ ಬಗ್ಗೆ ಮುಂದಿನ ಏಪ್ರಿಲ್‌ನಲ್ಲಿ ತಮ್ಮ ಪತ್ರಿಕೆ ಲೇಖನ ಪ್ರಕಟಿಸುವುದಾದರೆ, ಪಿಯರ್ಸ್ ಮತ್ತು ಕಾನಲಿಯವರ ಜೊತೆಗೆ ಅದೇ ವಾರ ಹುಲ್ಲುಕ್‌ನಲ್ಲಿ ಸತ್ತವರಿಗೂ, ಬಿಳಿ ಬಾವುಟ ಹಿಡಿದು ನಡೆದ ಓಫಾರೆಲ್‌ಗೂ, ಶೀಹಿ ಸಹೋದರಿಯರಿಗೂ ಅದೇ ಪುಟದಲ್ಲಿ ಜಾಗ ಕೊಡಿ. ಅಂಥ ಲೇಖನ ಬರೆಯಬಲ್ಲ ಯುವ ಅಧ್ಯಾಪಕರು ನಮ್ಮ ಕಾಲೇಜುಗಳಲ್ಲಿ ಇದ್ದಾರೆ; ಅವರನ್ನು ಕೇಳಿ ಬರೆಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕ, ಮೈಸೂರು